ಸ್ಪೀಕರ್ ನೋಡಿ ಪವರ್ ಆಂಪ್ ತಗೋರಿ: ಮನಿ ಸ್ಟೀರಿಯೋಕ್ಕ ಹೊಂದೋ ಆಂಪ್ಲಿಫೈಯರ್ ಆರಿಸೋದು ಹೆಂಗ

ಹೋದ ತಿಂಗಳ ಹಾವೇರಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. "ಅಣ್ಣಾ, ಪವರ್ ಆಂಪ್ ತಗೋಬೇಕು, ನೂರು ವಾಟಿಂದು ಸಾಕೋ ಇನ್ನೂರು ವಾಟಿಂದು ಬೇಕೋ, ಒಂದ ಮಾತಿನಾಗ ಹೇಳಿಬಿಡು" ಅಂದ. ನಾನು "ಸ್ಪೀಕರ್ ಯಾವು ಅದಾವ, ಕೋಣಿ ಎಷ್ಟ ದೊಡ್ಡದೈತಿ, ನೀವು ಎಷ್ಟ ದೂರ ಕುಂತು ಕೇಳ್ತೀರಿ" ಅಂತ ಕೇಳಿದ್ರ "ಅದೆಲ್ಲಾ ಯಾಕ ಬೇಕು, ನಾ ಕೇಳಿದ್ದು ಆಂಪ್ಲಿಫೈಯರ್ ಬಗ್ಗೆ" ಅಂದ. ಆದ್ರ ಅದಿಲ್ದ ಉತ್ತರಾನ ಇಲ್ರಿ. ಆಂಪ್ಲಿಫೈಯರ್ ಅನ್ನೋದು ಸ್ಪೀಕರಿಗೆ ದುಡಿಯೋ ಯಂತ್ರ, ಸ್ಪೀಕರ್ ಎಷ್ಟು ಬೇಡತೈತಿ ಅಂತ ಗೊತ್ತಿಲ್ದ ವಾಟ್ ಎಣಿಸೋದು ಅಂದ್ರ ಕಾಲಿನ ಅಳತಿ ಕೊಡದ ಚಪ್ಪಲಿ ತಗೊಂಡಂಗ.

ನಾನು ಧಾರವಾಡ ಮಾಳಮಡ್ಡಿಯಾಂವ, ಸುಮಾರು ಇಪ್ಪತ್ತು ವರ್ಷದಿಂದ ಮನ್ಯಾಗ ಸ್ಟೀರಿಯೋ ಹಚ್ಚಿ ಕೇಳ್ಕೋತ ಬಂದೀನಿ, ಅದರಾಗ ಹೆಚ್ಚಿಂದು ಹಿಂದೂಸ್ತಾನಿ ಗಾಯನ. ತಪ್ಪೂ ಮಾಡೀನಿ, ರೊಕ್ಕಾನೂ ಕಳ್ಕೊಂಡೀನಿ. ಅವಂಗ ಆವತ್ತು ಫೋನ್ಯಾಗ ಒಂದು ತಾಸು ಹೇಳಿದ್ದನ್ನ ಇಲ್ಲಿ ಪೂರ್ತಿ ಬರ್ದಿಡ್ತೀನಿ, ಅವನ ಮನಿ ಲೆಕ್ಕಾನ ಉದಾಹರಣೆ ಇಟ್ಕೊಂಡು.

ಮೊದ್ಲು, ನಿಮಗ ಬ್ಯಾರೆ ಪವರ್ ಆಂಪ್ ಬೇಕೇನು?

ಆಂಪ್ಲಿಫೈಯರ್ ಒಳಗ ಎರಡು ಕೆಲಸ ಇರ್ತಾವ. ಒಂದು ಪ್ರೀ ಆಂಪ್, ಯಾವ ಸೋರ್ಸ್ ಹಚ್ಚಬೇಕು, ವಾಲ್ಯೂಮ್ ಎಷ್ಟು ಇಡಬೇಕು ಅನ್ನೋದು ಅದರ ಕೆಲಸ. ಇನ್ನೊಂದು ಪವರ್ ಆಂಪ್, ಬಂದ ಸಣ್ಣ ಸಿಗ್ನಲ್ಲನ್ನ ಸ್ಪೀಕರ್ ಕೋನ್ ನೂಕೋವಷ್ಟು ದೊಡ್ಡದು ಮಾಡಿ ಕೊಡೋದು. ಎರಡೂ ಒಂದ ಡಬ್ಬಿಯೊಳಗ ಇದ್ರ ಇಂಟಿಗ್ರೇಟೆಡ್. ನನ್ನ ಅಭಿಪ್ರಾಯ ನೇರ ಹೇಳ್ತೀನಿ, ಮೊದ್ಲನೇ ಸಲ ಸಿಸ್ಟಮ್ ಕಟ್ಟೋರಿಗೆ ಇಂಟಿಗ್ರೇಟೆಡ್ ಛಲೋ, ಒಂದ ಪವರ್ ಕಾರ್ಡು, ಕೇಬಲ್ಲೂ ಕಡಿಮಿ, ಒಳಗಿನ ಎರಡೂ ಭಾಗ ಒಂದಕ್ಕೊಂದು ಹೊಂದಿಸಿಯೇ ಮಾಡಿರ್ತಾರ.

ಬ್ಯಾರೆ ಪವರ್ ಆಂಪ್ ಯಾವಾಗ ಬೇಕಾಗ್ತೈತಿ ಅಂದ್ರ, ನಿಮ್ಮ ಕಡೆ ಈಗಾಗ್ಲೇ ಛಲೋ ಪ್ರೀ ಆಂಪ್ ಇದ್ರ, ಇಲ್ಲಾ ವಾಲ್ಯೂಮ್ ಕಂಟ್ರೋಲ್ ಇರೋ ಡ್ಯಾಕ್ (ಫೋನ್, ಕಂಪ್ಯೂಟರಿನ ಡಿಜಿಟಲ್ ಹಾಡನ್ನ ಆಂಪಿಗೆ ಹೊಂದೋ ಸಿಗ್ನಲ್ ಮಾಡೋ ಡಬ್ಬಿ) ಇದ್ರ, ಇಲ್ಲಾ ಇರೋ ಇಂಟಿಗ್ರೇಟೆಡ್ ಅಥವಾ ರಿಸೀವರ್ ಹೊಸ ಸ್ಪೀಕರ್ ಎಳೀಲಾರದ ಸುಸ್ತಾಗ್ತಿದ್ರ. ಈ ಕಡೀ ಕೇಸಿನಾಗ ನಿಮ್ಮ ಡಬ್ಬಿ ಹಿಂದ "ಪ್ರೀ ಔಟ್" ಅಂತ ಬರ್ದ ಸಾಕೆಟ್ ಐತೇನು ಅಂತ ಮೊದ್ಲು ನೋಡ್ರಿ. ಅದಿಲ್ಲಂದ್ರ ಪವರ್ ಆಂಪ್ ತಂದ ಮ್ಯಾಲ ಹಚ್ಚೋದಕ್ಕ ಜಾಗಾನ ಇರಂಗಿಲ್ಲ. ಟೇಪ್ ಔಟ್ ಅನ್ನೋದು ಪ್ರೀ ಔಟ್ ಅಲ್ಲ, ಅದರಾಗ ವಾಲ್ಯೂಮ್ ಕೆಲಸ ಮಾಡಂಗಿಲ್ಲ, ಅದಕ್ಕ ಪವರ್ ಆಂಪ್ ಹಚ್ಚಿದ್ರ ಫುಲ್ ಸೌಂಡ್ ಒಮ್ಮೆಲೇ ಬಂದು ಸ್ಪೀಕರ್ ಹೋದ್ರೂ ಹೋತು.

ನಮ್ಮ ತಮ್ಮನ ಕಡೆ ವಾಲ್ಯೂಮ್ ಇರೋ ಡ್ಯಾಕ್ ಐತಿ, ಅಂದ್ರ ಅವಂಗ ಬರೇ ಪವರ್ ಆಂಪ್ ಸಾಕು.

ಎರಡ್ನೇದು, ಸ್ಪೀಕರ್ ಹಿಂದಿನ ಪ್ಲೇಟ್ ಓದ್ರಿ

ಸ್ಪೀಕರ್ ತಿರುವಿ ಹಿಂದ ನೋಡ್ರಿ, ಇಲ್ಲಾ ಅದರ ಮ್ಯಾನ್ಯುಯಲ್ ತಗೀರಿ. ಅಲ್ಲಿ "150 ವಾಟ್" ಅಂತ ಏನೋ ದೊಡ್ಡದಾಗಿ ಬರದಿರ್ತೈತಿ, ಅದನ್ನ ಸದ್ಯಕ್ಕ ಬಿಡ್ರಿ, ಅದು ಸ್ಪೀಕರ್ ತಡಕೊಳ್ಳೋ ಮಿತಿ, ಅದಕ್ಕ ಬೇಕಾದ ವಾಟ್ ಅಲ್ಲ. ನಮಗ ಬೇಕಾದ್ದು ಎರಡು: ಸೆನ್ಸಿಟಿವಿಟಿ ಮತ್ತ ಇಂಪೀಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ, ಓಮ್ ಲೆಕ್ಕದಾಗ).

ಸೆನ್ಸಿಟಿವಿಟಿ ಅಂದ್ರ ಸ್ಪೀಕರಿಗೆ 1 ವಾಟ್ ಕೊಟ್ಟು 1 ಮೀಟರ್ ದೂರ ನಿಂತ್ರ ಎಷ್ಟು ಡೆಸಿಬಲ್ ಕೇಳಸ್ತೈತಿ ಅನ್ನೋದು. ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ 83ರಿಂದ 87ರ ತನಕ ಇರ್ತಾವ, ನೆಲದ ಮ್ಯಾಲ ನಿಂದ್ರೋ ದೊಡ್ಡ ಟವರ್ 88ರಿಂದ 91, ಹಾರ್ನ್ ಇರೋವು 95ರ ಮ್ಯಾಲೂ ಹೋಗ್ತಾವ. ಈ ನಾಕೈದು ಡೆಸಿಬಲ್ ಸಣ್ಣ ಫರಕ್ ಅನಸ್ತೈತಿ ಖರೆ, ಆದ್ರ ಇಲ್ಲೇ ಎಲ್ಲಾ ಅಡಗೇತಿ ನೋಡ್ರಿ. 3 ಡೆಸಿಬಲ್ ಹೆಚ್ಚು ಬೇಕಂದ್ರ ಎರಡು ಪಟ್ಟು ವಾಟ್ ಬೇಕು, 10 ಡೆಸಿಬಲ್ ಹೆಚ್ಚು ಬೇಕಂದ್ರ ಹತ್ತು ಪಟ್ಟು, ಮತ್ತ ಕಿವಿಗೆ "ಈಗ ಸೌಂಡ್ ಎರಡು ಪಟ್ಟಾತು" ಅಂತ ಅನಸೋದು ಆ 10 ಡೆಸಿಬಲ್ ಏರಿದಾಗ. ಅಂದ್ರ 50 ವಾಟ್ ಬಿಟ್ಟು 100 ವಾಟ್ ತಗೊಂಡ್ರ ನಿಮಗ ಸಿಗೋದು ಬರೇ 3 ಡೆಸಿಬಲ್, ಸ್ವಲ್ಪ ಏರಿಸಿದಂಗ ಅಷ್ಟ. ಅದ 86ರ ಸ್ಪೀಕರ್ ಬಿಟ್ಟು 89ರ ಸ್ಪೀಕರ್ ತಗೊಂಡ್ರೂ ಅಷ್ಟ ಸಿಗ್ತೈತಿ, ಆಂಪ್ ಮುಟ್ಟದ.

ಇಲ್ಲೊಂದು ಕಣ್ಣು ತಪ್ಪೋ ಜಾಗ ಐತಿ. ಭಾಳ ಕಂಪನಿಯವರು 1 ವಾಟ್ ಅಂತ ಬರಿಯಂಗಿಲ್ಲ, 2.83 ವೋಲ್ಟ್ ಅಂತ ಬರೀತಾರ. 8 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದ್ರ ಸರಿಯಾಗಿ 1 ವಾಟ್, ಆದ್ರ 4 ಓಮ್ ಸ್ಪೀಕರಿಗೆ ಅದ 2 ವಾಟ್ ಆಗ್ತೈತಿ. ಹಂಗಾಗಿ 4 ಓಮ್ ಸ್ಪೀಕರ್ ಮ್ಯಾಲ 89 ಅಂತ ಇದ್ರ ವಾಟಿನ ಲೆಕ್ಕದಾಗ 3 ಕಳದು 86 ಅಂತ ಹಿಡೀರಿ.

ಮೂರ್ನೇದು, ಟೇಪ್ ಹಿಡಕೊಂಡು ಕೋಣಿ ಅಳೀರಿ

ಹಳೇ ಹಂಚಿನ ಮನಿ ಪಡಸಾಲಿ, ಎತ್ತರ ಮಾಡು, ಒಂದು ಕಡೆ ತೆರದ ಬಾಗ್ಲಾ, ಅಲ್ಲಿ ಸೌಂಡ್ ಹೊರಗ ಹರದು ಹೋಗ್ತೈತಿ. ಈಗಿನ ಆರ್‌ಸಿಸಿ ಮನಿ, ನೆಲಕ್ಕ ಟೈಲ್ಸ್, ಬರೇ ಗ್ವಾಡಿ, ಅಲ್ಲಿ ಸೌಂಡ್ ಒಳಗ ಪುಟಿದು ಪುಟಿದು ಜೋರಾಗ್ತೈತಿ, ಕಿವಿಗೆ ಚುಚ್ಚತೈತಿ ಸೈತ. ಅದಕ್ಕ ವಾಟ್ ಏರಿಸೋಕಿಂತ ಮೊದ್ಲು ನೆಲಕ್ಕ ಒಂದು ದಪ್ಪ ಜಮಖಾನಿ, ಕಿಟಕಿಗೆ ಪರದೆ ಹಾಕಿ ನೋಡ್ರಿ. ಆಂಪ್ ಬದಲಿ ಮಾಡಿದ್ದಕ್ಕಿಂತ ಹೆಚ್ಚು ಫರಕ್ ನಾನು ಜಮಖಾನಿಯಿಂದ ಕಂಡೀನಿ, ಇದು ಉತ್ಪ್ರೇಕ್ಷೆ ಅಲ್ರಿ.

ಈಗ ಲೆಕ್ಕ. ತಮ್ಮನ ಕೋಣಿ 12ಕ್ಕ 16 ಫೂಟು, ಸ್ಪೀಕರಿಂದ ಕುರ್ಚಿಗೆ 10 ಫೂಟು, ಅಂದ್ರ 3 ಮೀಟರ್. ಸ್ಪೀಕರ್ 86 ಡೆಸಿಬಲ್, 8 ಓಮ್. ಬಯಲಿನಾಗ ದೂರ ಎರಡು ಪಟ್ಟಾದಾಗೆಲ್ಲಾ 6 ಡೆಸಿಬಲ್ ಇಳೀತೈತಿ, 3 ಮೀಟರಿಗೆ ಒಂಬತ್ತೂವರಿ ಆಗ್ತೈತಿ, ಆದ್ರ ಕೋಣ್ಯಾಗ ಗ್ವಾಡಿ ತಿರುಗಿಸಿ ಕೊಡತೈತಲ್ಲ, ಅದಕ್ಕ ನಾನು 7 ಕಳೀತೀನಿ. ಸ್ಪೀಕರ್ ಎರಡು ಇರೋದ್ರಿಂದ 3 ಕೂಡಸ್ತೀನಿ. 86ರಾಗ 7 ಹೋಗಿ 3 ಬಂದು 82. ಅಂದ್ರ ಒಂದೊಂದು ಸ್ಪೀಕರಿಗೆ ಬರೇ 1 ವಾಟ್ ಹೋದ್ರ ಅವನ ಕುರ್ಚಿಗೆ 82 ಡೆಸಿಬಲ್ ಬರ್ತೈತಿ. ಮನ್ಯಾಗ ಆರಾಮಾಗಿ ಕೇಳೋ ಸೌಂಡ್ 70ರಿಂದ 75. ಅಂದ್ರ ದಿನಾ ಅಂವ ಖರ್ಚು ಮಾಡೋದು 1 ವಾಟಿಗಿಂತ ಕಡಿಮಿ! ಇದನ್ನ ಹೇಳಿದಾಗ ಅಂವ ನಂಬಲಿಲ್ಲ, ಹತ್ತು ವರ್ಷದ ಹಿಂದ ನಾನೂ ನಂಬಿರಲಿಲ್ಲ.

ಹಂಗಾದ್ರ 1 ವಾಟಿನ ಆಂಪ್ ಸಾಕೇನು? ಸಾಕಾಗಂಗಿಲ್ಲ, ಯಾಕಂದ್ರ ಸಂಗೀತ ಒಂದ ಮಟ್ಟದಾಗ ಇರಂಗಿಲ್ಲ. ವಿಲಂಬಿತ್ ಆಲಾಪ ನಡದಿರ್ತೈತಿ, ತಂಬೂರಿ ಸಣ್ಣಗ ಗುಂಯ್‌ಗುಡ್ತಿರ್ತೈತಿ, ಆವಾಗ ತಬಲಾದಾಂವ ಡಗ್ಗಾ ಮ್ಯಾಲ ಒಂದು ಪೆಟ್ಟು ಕೊಟ್ಟ ಅಂದ್ರ ಆ ಒಂದು ಕ್ಷಣ ಸರಾಸರಿಗಿಂತ 15ರಿಂದ 20 ಡೆಸಿಬಲ್ ಮ್ಯಾಲ ಹಾರ್ತೈತಿ. 20 ಡೆಸಿಬಲ್ ಅಂದ್ರ ನೂರು ಪಟ್ಟು ವಾಟ್. ಅಂವ ಯಾವಾಗರ ಹುರುಪಿನಾಗ ಸರಾಸರಿ 80ಕ್ಕ ಇಟ್ಟು ಕೇಳಿದ್ರ ಪೆಟ್ಟು 100ಕ್ಕ ಹೋಗ್ತೈತಿ, 82 ಬಿಟ್ಟು ಇನ್ನೂ 18 ಬೇಕು, ಅದಕ್ಕ 63 ವಾಟ್. ಅಲ್ಲಿಗೆ ಉತ್ತರ ಸಿಕ್ತು: 60 ವಾಟ್ ಸುತ್ತಮುತ್ತ, ಖರೇ ವಾಟ್. ಅದ ಕೋಣ್ಯಾಗ 83ರ ಸ್ಪೀಕರ್ ಇದ್ದಿದ್ರ 125 ಬೇಕಾಗಿತ್ತು, 92ರ ಸ್ಪೀಕರ್ ಇದ್ದಿದ್ರ 16 ವಾಟಿಗೆ ಮುಗೀತಿತ್ತು. ನಿಮ್ಮ ನಂಬರ್ ಹಾಕಿ ನೀವ ಒಮ್ಮೆ ಮಾಡ್ರಿ, ಕಾಗದದ ಮ್ಯಾಲ ಐದು ನಿಮಿಷದ ಕೆಲಸ. ನೀವು ದಿನಾ ಎಷ್ಟು ಸೌಂಡಿಗೆ ಕೇಳ್ತೀರಿ ಗೊತ್ತಿಲ್ಲಂದ್ರ ಫೋನಿನಾಗ ಸೌಂಡ್ ಮೀಟರ್ ಆ್ಯಪ್ ಹಾಕಿ ಕುರ್ಚಿ ಮ್ಯಾಲ ಇಟ್ಟು ನೋಡ್ರಿ, ನಿಖರ ಇರಂಗಿಲ್ಲ ಆದ್ರ ಅಂದಾಜು ಸಿಗ್ತೈತಿ.

ನಾಕ್ನೇದು, ಡಬ್ಬಿ ಮ್ಯಾಲಿನ ವಾಟ್ ಖರೇನೋ ಸುಳ್ಳೋ

ಇದು ನನಗ ಪೆಟ್ಟು ಬಿದ್ದ ಜಾಗ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ಭಾಳ ವರ್ಷದ ಹಿಂದ ಹುಬ್ಬಳ್ಳ್ಯಾಗ ಒಂದು ಅಂಗಡಿಯಿಂದ ಸಣ್ಣ ಆಂಪ್ಲಿಫೈಯರ್ ತಂದಿದ್ದೆ, ಡಬ್ಬಿ ಮ್ಯಾಲ ಸಾವಿರದ ಲೆಕ್ಕದಾಗ ಪಿಎಂಪಿಓ (ಒಂದು ಕ್ಷಣದ ಉಬ್ಬಿಸಿದ ಲೆಕ್ಕ) ವಾಟ್ ಬರ್ದಿತ್ತು, ಎತ್ತಿದ್ರ ಒಂದು ಕೈಯಾಗ ಬರ್ತಿತ್ತು. ಮನ್ಯಾಗ ತೊಟ್ಲಾ ಕಾರ್ಯಕ್ರಮ ಇತ್ತು, ಮಂದಿ ತುಂಬಿದ್ರು, ಸೌಂಡ್ ಸಾಲವಲ್ದು ಅಂತ ವಾಲ್ಯೂಮ್ ತಿರುವಿಕೋತ ಹೋದ್ವಿ, ದನಿ ಒಡದಂಗ ಆಗಾಕ ಹತ್ತಿತ್ತು, ಯಾರೂ ಲಕ್ಷ್ಯ ಕೊಡಲಿಲ್ಲ. ಮರುದಿನ ನೋಡಿದ್ರ ಎರಡೂ ಟ್ವೀಟರ್ (ಸ್ಪೀಕರಿನಾಗ ತೆಳ್ಳನ ಮ್ಯಾಲಿನ ದನಿ ನುಡಿಸೋ ಸಣ್ಣ ಭಾಗ) ಸತ್ತಿದ್ವು. ಅವು ನಮ್ಮ ಅಪ್ಪ ಹೊಟ್ಟಿ ಬಟ್ಟಿ ಕಟ್ಟಿ ತಗೊಂಡಿದ್ದ ಸ್ಪೀಕರು. ಅಂತಾ ಟ್ವೀಟರ್ ಮತ್ತ ಸಿಗಲೇ ಇಲ್ಲ.

ಆಗಿದ್ದೇನು ಅಂದ್ರ, ಆಂಪ್ ತನ್ನ ಮಿತಿ ಮುಟ್ಟಿದ ಮ್ಯಾಲ ಅಲೆಯ ತುದಿ ಕತ್ತರಿಸಿ ಚಪ್ಪಟಿ ಮಾಡ್ತೈತಿ, ಇದಕ್ಕ ಕ್ಲಿಪ್ಪಿಂಗ್ ಅಂತಾರ. ಪೂರ್ತಿ ಚಪ್ಪಟಿಯಾದ ಅಲೆಯೊಳಗ ಅದ ಎತ್ತರದ ದುಂಡನೆ ಅಲೆಯ ಎರಡು ಪಟ್ಟು ಪವರ್ ಇರ್ತೈತಿ, ಮತ್ತ ಅದರಿಂದ ಹುಟ್ಟೋ ಹೊಸಾ ಕಸ ಎಲ್ಲಾ ಮ್ಯಾಲಿನ ಫ್ರೀಕ್ವೆನ್ಸಿಗೆ ಹೋಗಿ ಟ್ವೀಟರ್ ಮ್ಯಾಲ ಬೀಳ್ತೈತಿ. ಟ್ವೀಟರ್ ಒಳಗಿನ ತಂತಿ ಕೂದಲಿನಷ್ಟು ತೆಳ್ಳಗ, ಒಂದೇ ಸಮ ತಡಕೊಳ್ಳೋದು ಕೆಲವೇ ವಾಟ್. ಅದಕ್ಕ ಸಣ್ಣ ಆಂಪ್ ಸ್ಪೀಕರಿಗೆ ಸೇಫ್ ಅನ್ನೋದನ್ನ ಮನಸ್ಸಿನಿಂದ ತಗೀರಿ. ದೊಡ್ಡ ಆಂಪ್ ಸಣ್ಣಗ ಇಟ್ಟು ಕೇಳಿದ್ರ ಏನೂ ಆಗಂಗಿಲ್ಲ, ಸಣ್ಣ ಆಂಪನ್ನ ಹಿಂಡಿದ್ರ ಆಗ್ತೈತಿ. ದನಿ ಒಡೀತು ಅಂತ ಕಿವಿಗೆ ಬಂದ ಕೂಡ್ಲೆ ವಾಲ್ಯೂಮ್ ಇಳಸ್ರಿ.

ಸ್ಪೆಸಿಫಿಕೇಷನ್ ಓದೋವಾಗ ಒಂದ ಸಾಲಿನಾಗ ಈ ನಾಕೂ ಐತೇನು ನೋಡ್ರಿ: ಆರ್‌ಎಂಎಸ್ ಇಲ್ಲಾ ಕಂಟಿನ್ಯೂಯಸ್ (ಎರಡೂ ಅಂದ್ರ ಸತತ ಕೊಡೋ ವಾಟ್) ಅಂತ ಹೇಳ್ಯಾರೇನು, ಎಷ್ಟು ಓಮ್ ಮ್ಯಾಲ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್ ತನಕ ಪೂರ್ತಿ ಬ್ಯಾಂಡಿಗೋ ಬರೇ 1 ಕಿಲೋಹರ್ಟ್ಜ್‌ಗೋ, ಡಿಸ್ಟಾರ್ಷನ್ ಎಷ್ಟು. 10 ಪರ್ಸೆಂಟ್ ಡಿಸ್ಟಾರ್ಷನ್ ಹಾಕಿ ವಾಟ್ ಬರದಿದ್ರ ಅದು ಆಗ್ಲೇ ಒಡದ ದನಿಯ ವಾಟ್. ಉದಾಹರಣೆಗೆ ಡೆನಾನ್ ಪಿಎಂಎ-600ಎನ್ಇ ಇಂಟಿಗ್ರೇಟೆಡ್ 8 ಓಮಿಗೆ 45 ವಾಟ್, 4 ಓಮಿಗೆ 70 ವಾಟ್ ಅಂತ ಬರಕೊಂಡೈತಿ. 45 ಅಂದ್ರ ಅಂಗಡ್ಯಾಗ ಯಾರೂ ತಿರುಗಿ ನೋಡಂಗಿಲ್ಲ, ಪಕ್ಕದಾಗ 300 ಅಂತ ಬರ್ದಿದ್ದು ಕುಂತಿರ್ತೈತಲ್ಲ. ಆದ್ರ 45 ಖರೇ ವಾಟಿನ ಮುಂದ ಆ 300 ಭಾಳ ಸಲ ನಿಂದ್ರಂಗಿಲ್ಲ.

ಅಡಾಪ್ಟರ್ ಮ್ಯಾಲ ಓಡೋ ಸಣ್ಣ ಕ್ಲಾಸ್ ಡಿ ಆಂಪ್ (ಅದೇನು ಅಂತ ಮುಂದ ಬರ್ತೈತಿ) ಆದ್ರ ಸುಳ್ಳು ಹಿಡಿಯೋದು ಇನ್ನೂ ಸರಳ. ಅಡಾಪ್ಟರ್ ಮ್ಯಾಲ 24 ವೋಲ್ಟ್ 4 ಆಂಪಿಯರ್ ಅಂತ ಇದ್ರ ಗುಣಿಸಿದ್ರ 96 ವಾಟ್, ಎಡ ಬಲ ಎರಡೂ ಚಾನೆಲ್ ಕೂಡಿ ಅದಕ್ಕಿಂತ ಹೆಚ್ಚು ಸತತವಾಗಿ ಎಲ್ಲಿಂದ ತರ್ತೈತಿ? ಮತ್ತ ವೋಲ್ಟೇಜಿನ ಮಿತಿನೂ ಐತಿ: ಈ ಆಂಪ್ ಬ್ರಿಜ್ ಮಾಡಿರೋವು (ಸ್ಪೀಕರಿನ ಎರಡೂ ತುದಿಗೆ ಆಂಪೇ ದುಡಿಯೋವು), 24 ವೋಲ್ಟಿಗೆ 8 ಓಮ್ ಮ್ಯಾಲ ಚಾನೆಲ್ಲಿಗೆ 30 ವಾಟ್ ಸುತ್ತ, 36 ವೋಲ್ಟಿಗೆ 70 ಸುತ್ತ, 48 ವೋಲ್ಟಿಗೆ 130 ಸುತ್ತ ಬರ್ತೈತಿ. ಟಿಪಿಎ3255 ಅನ್ನೋ ಚಿಪ್ ಇರೋ ಡಬ್ಬಿಯೊಳಗ 48 ವೋಲ್ಟಿನ ಅಡಾಪ್ಟರ್ ಬಂದ್ರ ಛಲೋ ಕೆಲಸ ಮಾಡ್ತೈತಿ, ಅದ ಚಿಪ್ಪಿಗೆ 24 ವೋಲ್ಟಿಂದು ಕೊಟ್ಟು ಕಳಿಸಿದ್ರ ಬರೇ ಹೆಸರು ಉಳೀತೈತಿ.

ಐದ್ನೇದು, ಓಮ್

ಇದನ್ನ ನಳದ ನೀರಿನ ಲೆಕ್ಕದಾಗ ತಿಳ್ಕೋರಿ. ವೋಲ್ಟೇಜ್ ಅಂದ್ರ ಮ್ಯಾಲಿನ ಟಾಕಿಯ ಎತ್ತರ, ಓಮ್ ಅಂದ್ರ ನಳ ಎಷ್ಟು ಬಿಗಿ ಐತಿ ಅನ್ನೋದು. ಓಮ್ ಕಡಿಮಿ ಆದಂಗ ನಳ ಹೆಚ್ಚು ತೆರದಂಗ, ನೀರು ಹೆಚ್ಚು ಹರೀತೈತಿ, ಟಾಕಿಯೊಳಗ ಅಷ್ಟು ನೀರು ಇರಬೇಕಲ್ಲ. ಆಂಪಿನೊಳಗ ಆ ಟಾಕಿ ಅಂದ್ರ ಟ್ರಾನ್ಸ್‌ಫಾರ್ಮರ್ ಮತ್ತ ದೊಡ್ಡ ಕೆಪ್ಯಾಸಿಟರ್.

ಸ್ಪೀಕರ್ ಮ್ಯಾಲ 8 ಓಮ್ ಅಂತ ಬರ್ದಿದ್ದು ಹೆಸರಿಗಷ್ಟ, ಫ್ರೀಕ್ವೆನ್ಸಿ ಬದಲಾದಂಗ ಅದೂ ಏರಿಳೀತೈತಿ, 8 ಅಂದಿದ್ದು ಕೆಲವು ಕಡೆ 4ರ ಸಮೀಪ ಬರ್ತೈತಿ, 4 ಅಂದಿದ್ದು 3ಕ್ಕೂ ಇಳೀತೈತಿ. ಮ್ಯಾನ್ಯುಯಲ್ಲಿನಾಗ "ಮಿನಿಮಮ್ ಇಂಪೀಡೆನ್ಸ್" ಅಂತ ಇದ್ರ ಅದನ್ನ ನಂಬ್ರಿ. ಆಂಪ್ ಕಡೆ ನೋಡಬೇಕಾದ್ದು ಒಂದ, 8 ಓಮಿನಿಂದ 4 ಓಮಿಗೆ ಹೋದಾಗ ವಾಟ್ ಎಷ್ಟು ಏರತೈತಿ. ಎರಡು ಪಟ್ಟಿನ ಸಮೀಪ ಹೋದ್ರ ಟಾಕಿ ದೊಡ್ಡದೈತಿ, ಒಂದೂವರಿ ಪಟ್ಟು ಹೋದ್ರ ಸಾಧಾರಣ ಮನಿಗೆ ಛಲೋನ, 4 ಓಮಿನ ವಾಟ್ ಬರದೇ ಇಲ್ಲಂದ್ರ 4 ಓಮ್ ಸ್ಪೀಕರ್ ಇರೋರು ಅದನ್ನ ಅಲ್ಲೇ ಬಿಡ್ರಿ. ಹಾಲ್‌ನಾಗ ಒಂದು ಜೋಡಿ, ಅಡಗಿ ಮನ್ಯಾಗ ಇನ್ನೊಂದು ಜೋಡಿ ಅಂತ ಒಂದ ಆಂಪಿಗೆ ಪ್ಯಾರಲಲ್ ಹಚ್ಚೋರು ನೆನಪಿಡ್ರಿ, 8 ಮತ್ತ 8 ಕೂಡಿ 4 ಆಗ್ತೈತಿ, 4 ಮತ್ತ 4 ಕೂಡಿ 2 ಆಗ್ತೈತಿ, 2 ಓಮಿಗೆ ಮನಿ ಆಂಪ್ ಸುಡ್ತೈತಿ.

ಆರ್ನೇದು, ಕ್ಲಾಸ್ ಎ, ಎಬಿ, ಡಿ, ವಾಲ್ವ್

ಕ್ಲಾಸ್ ಅಂದ್ರ ಆಂಪ್ ತನ್ನೊಳಗ ಕರೆಂಟ್ ನಡಸೋ ರೀತಿ, ವಾಲ್ವ್ ಅಂದ್ರ ಟ್ರಾನ್ಸಿಸ್ಟರ್ ಬದಲಿ ಇರೋ ಗಾಜಿನ ಟ್ಯೂಬ್. ಇದರ ಮ್ಯಾಲ ಮಂದಿ ಜಗಳಾ ಆಡ್ತಾರ, ನಾನು ನಮ್ಮ ಊರಿನ ಬಿಸಲು, ಧೂಳಿ, ಕರೆಂಟ್ ನೋಡಿ ಹೇಳ್ತೀನಿ.

ಕ್ಲಾಸ್ ಎ ಸುಮ್ನ ಕುಂತ್ರೂ ಪೂರ್ತಿ ಕರೆಂಟ್ ತಿಂತೈತಿ. ಚಾನೆಲ್ಲಿಗೆ 25 ವಾಟಿಂದು ಇದ್ರ ಹಾಡು ಹಚ್ಚಿದ್ರೂ ಹಚ್ಚದಿದ್ರೂ ಕಡಿಮಿ ಅಂದ್ರ 100 ವಾಟ್ ಸತತ ಬಿಸಿಯಾಗಿ ಹೋಗ್ತೈತಿ. ದನಿ ಭಾಳ ಚಂದ ಇರೋ ಆಂಪ್ ಅದಾವ, ಆದ್ರ ಏಪ್ರಿಲ್ ಮೇ ತಿಂಗಳಾಗ ಫ್ಯಾನ್ ತಿರುಗಿದ್ರೂ ಬೆವರೋ ಕೋಣ್ಯಾಗ ಅದನ್ನ ಯಾರರ ಹಚ್ಚಿ ಕುಂಡ್ರತಾರೇನು? ವಾಲ್ವ್ ಆಂಪಿನ ಮಾತೂ ಹಂಗ, ಅದೂ ಅಲ್ದ ಒಳಗ 300-400 ವೋಲ್ಟ್ ಇರ್ತೈತಿ, ಸಣ್ಣ ಹುಡುಗ್ರು ಇರೋ ಮನ್ಯಾಗ ಜಾಳಗಿ ಮುಚ್ಚಳ ಇಲ್ದ ಇಡಬ್ಯಾಡ್ರಿ, ಸ್ಪೀಕರ್ ಹಚ್ಚದ ಆನ್ ಮಾಡಬ್ಯಾಡ್ರಿ. 300ಬಿ ವಾಲ್ವಿನ ಸಿಂಗಲ್ ಎಂಡೆಡ್ ಆಂಪ್ (ಚಾನೆಲ್ಲಿಗೆ ಒಂದ ವಾಲ್ವ್ ಪೂರ್ತಿ ಅಲೆ ನಡಸೋದು) ಕೊಡೋದು 8 ವಾಟ್ ಸುತ್ತ, 86ರ ಸ್ಪೀಕರಿಗೆ ಅದು ಸಾಲಂಗಿಲ್ಲ, 95ರ ಸ್ಪೀಕರ್ ಇದ್ದೋರಿಗೆ ಮಾತ್ರ.

ಕ್ಲಾಸ್ ಎಬಿ ನಮಗೆಲ್ಲಾ ಗೊತ್ತಿರೋದು, ತೂಕದ ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್, ನಮ್ಮ ಊರಾಗ ರಿಪೇರಿ ಮಾಡೋರು ಸಿಗ್ತಾರ, ಇದು ದೊಡ್ಡ ಮಾತು. ಆದ್ರ ಒಂದು ಸಂಗತಿ ಲಕ್ಷ್ಯದಾಗ ಇಟ್ಕೋರಿ. ಹಳ್ಳಿ ಕಡೆ ಸಂಜಿ ಹೊತ್ನ್ಯಾಗ ಪಂಪ್‌ಸೆಟ್ ಎಲ್ಲಾ ಚಾಲೂ ಆದಾಗ ವೋಲ್ಟೇಜ್ 230ರಿಂದ 190ಕ್ಕ ಬಿತ್ತು ಅಂದ್ರ, ಟ್ರಾನ್ಸ್‌ಫಾರ್ಮರ್ ಆಂಪಿನ ಒಳಗಿನ ವೋಲ್ಟೇಜೂ ಅದ ಪ್ರಮಾಣದಾಗ ಬೀಳ್ತೈತಿ, ಪವರ್ ವೋಲ್ಟೇಜಿನ ವರ್ಗಕ್ಕ ತಕ್ಕಂಗ ಇಳಿಯೋದ್ರಿಂದ 100 ವಾಟಿನ ಆಂಪ್ 68ಕ್ಕ ಬರ್ತೈತಿ. ಅದಕ್ಕ ಅಂತಾ ಊರಾಗ ಇರೋರು ಲೆಕ್ಕಕ್ಕ ಬಂದಿದ್ದಕ್ಕಿಂತ ಒಂದೂವರಿ ಪಟ್ಟು ತಗೋರಿ.

ಕ್ಲಾಸ್ ಡಿ ಅಂದ್ರ ಡಿಜಿಟಲ್ ಅಂತ ಅಂಗಡ್ಯಾಗ ಹೇಳ್ತಾರ, ಅದು ತಪ್ಪು, ಎ ಬಿ ಸಿ ಆದ ಮ್ಯಾಲ ಬಂದ ಅಕ್ಷರ ಡಿ, ಅಷ್ಟ. ಟ್ರಾನ್ಸಿಸ್ಟರ್ ಪೂರ್ತಿ ಆನ್ ಇಲ್ಲಾ ಪೂರ್ತಿ ಆಫ್, ಸೆಕೆಂಡಿಗೆ ಲಕ್ಷಗಟ್ಲೆ ಸಲ, ಅದಕ್ಕ ಬಿಸಿ ಕಡಿಮಿ, ಕರೆಂಟಿನಾಗ 85-90 ಪರ್ಸೆಂಟ್ ಸ್ಪೀಕರಿಗೇ ಹೋಗ್ತೈತಿ. ಹೈಪೆಕ್ಸ್, ಪ್ಯೂರಿಫೈ ಅನ್ನೋ ಕಂಪನಿಯವರ ಮಾಡ್ಯೂಲ್ (ತಯಾರಿ ಆಂಪ್ ಬೋರ್ಡ್) ಹಾಕಿದ್ವು ಅಳತಿಯೊಳಗ ಛಲೋ ಎಬಿ ಆಂಪಿಗೂ ಕಡಿಮಿ ಇಲ್ಲ. 100ರಿಂದ 240 ವೋಲ್ಟಿನ ತನಕ ತಗೊಳ್ಳೋ ಪವರ್ ಸಪ್ಲೈ ಇದ್ರ ವೋಲ್ಟೇಜ್ ಬಿದ್ರೂ ವಾಟ್ ಬೀಳಂಗಿಲ್ಲ. ಕೊರತಿ ಏನಂದ್ರ ಕೆಟ್ರ ಇಲ್ಲಿ ರಿಪೇರಿ ಕಷ್ಟ, ಬೋರ್ಡೇ ಬದಲಿ ಮಾಡಬೇಕು. ನಾನು ತಮ್ಮಗ ಹೇಳಿದ್ದು ಕ್ಲಾಸ್ ಡಿ, ಯಾಕಂದ್ರ ಅವನ ಓಣ್ಯಾಗ ಕರೆಂಟ್ ಹಂಗ ಐತಿ ಮತ್ತ ಆಂಪ್ ಇಡೋದು ಮುಚ್ಚಿದ ಶೋಕೇಸಿನಾಗ. ಗಾಳಿ ಆಡೋ ಜಾಗ, ಸ್ಥಿರ ಕರೆಂಟ್ ಇರೋರಿಗೆ ನಾನು ಎಬಿ ಅಂತಾನ ಹೇಳ್ತೀನಿ, ನನ್ನ ಮನ್ಯಾಗೂ ಅದ ಐತಿ.

ಏಳ್ನೇದು, ಪ್ರೀ ಆಂಪಿಗೂ ಪವರ್ ಆಂಪಿಗೂ ಹೊಂದಾಣಿಕಿ

ಪವರ್ ಆಂಪ್ ಮ್ಯಾಲ ಗೇನ್ ಇಷ್ಟು ಅಂತ ಬರದಿರ್ತೈತಿ. 26 ಡೆಸಿಬಲ್ ಗೇನ್ ಅಂದ್ರ ಒಳಗ ಬಂದ ವೋಲ್ಟೇಜನ್ನ 20 ಪಟ್ಟು ಮಾಡ್ತೈತಿ. 8 ಓಮಿಗೆ 100 ವಾಟ್ ಅಂದ್ರ 28 ವೋಲ್ಟ್, ಅದಕ್ಕ ಒಳಗ 1.4 ವೋಲ್ಟ್ ಕೊಡಬೇಕು. ಡ್ಯಾಕ್, ಸಿಡಿ ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್ ಕೊಡ್ತಾವ, ಸರಿಹೋತು. ಗೇನ್ 32 ಡೆಸಿಬಲ್ ಇದ್ರ 40 ಪಟ್ಟು, ಆವಾಗ ವಾಲ್ಯೂಮ್ ಸ್ವಲ್ಪ ಮುಟ್ಟಿದ್ರ ಸಾಕು ಒದರಾಕ ಹತ್ತತೈತಿ, ಹಾಡು ಇಲ್ದಾಗ ಟ್ವೀಟರಿಗೆ ಕಿವಿ ಹಚ್ಚಿದ್ರ ಸುಂಯ್ ಅಂತ ಕೇಳಸ್ತೈತಿ. ಹೆಚ್ಚು ಗೇನ್ ಅಂದ್ರ ಹೆಚ್ಚು ಪವರ್ ಅಲ್ರಿ. ಗೇನ್ ಬದಲಿ ಮಾಡೋ ಸ್ವಿಚ್ ಇರೋ ಆಂಪ್ ಸಿಕ್ರ ಕಡಿಮಿಗೆ ಇಡ್ರಿ.

ಇನ್ನೊಂದು, ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಪ್ರೀ ಆಂಪಿನ ಔಟ್‌ಪುಟ್ ಇಂಪೀಡೆನ್ಸಿಗಿಂತ ಹತ್ತು ಪಟ್ಟರ ಇರಬೇಕು. ಡ್ಯಾಕ್ ಹಚ್ಚೋರಿಗೆ ಇದರ ಚಿಂತಿ ಇಲ್ಲ, ವಾಲ್ವ್ ಪ್ರೀ ಇರೋರು ನೋಡ್ಕೋರಿ. ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿಂದು) ಬೇಕೇ ಬೇಕು ಅಂತ ಇಲ್ಲ, ಒಂದು ಮೀಟರಿನ ಒಳಗ ಇದ್ರ ಟಿವಿ, ಸಿಡಿ ಪ್ಲೇಯರಿಗೆ ಹಚ್ಚೋ ಸಾದಾ ಆರ್‌ಸಿಎ ಸಾಕು.

ಪೆಂಡಾಲಿನ ಆಂಪ್ ಮನಿಗೆ ತರಬಹುದೇನು?

ಗಣಪತಿ ಹಬ್ಬ ಆದ ಮ್ಯಾಲ ಈ ಪ್ರಶ್ನೆ ಬರ್ತೈತಿ, ಕಡಿಮಿ ರೊಕ್ಕಕ್ಕ ಭಾಳ ವಾಟ್ ಸಿಗ್ತಾವಲ್ಲ. ಸ್ಟೇಜಿನ ಸ್ಟೀರಿಯೋ ಆಂಪ್ ಕೆಲವು ಮನಿಗೂ ಹೊಂದತಾವ, ಕ್ರೌನ್ ಎಕ್ಸ್‌ಎಲ್‌ಎಸ್ 1002 ಅನ್ನೋದು 8 ಓಮಿಗೆ 215, 4 ಓಮಿಗೆ 350 ವಾಟ್ ಕೊಡತೈತಿ, ಆರ್‌ಸಿಎ ಸಾಕೆಟ್ಟೂ ಐತಿ, ಇನ್‌ಪುಟ್ ಸೆನ್ಸಿಟಿವಿಟಿ (ಪೂರ್ತಿ ಪವರ್ ಬರಾಕ ಒಳಗ ಕೊಡಬೇಕಾದ ವೋಲ್ಟೇಜ್) 0.775 ಮತ್ತ 1.4 ವೋಲ್ಟ್ ಅಂತ ಎರಡು ಕೊಡ್ತಾರ, ಮನ್ಯಾಗ 1.4ಕ್ಕ ಇಡಬೇಕು. ಆದ್ರ ಇಂತಾ ಆಂಪಿನಾಗ ಫ್ಯಾನ್ ಇರ್ತೈತಿ, ರಾತ್ರಿ ಹನ್ನೊಂದಕ್ಕ ಸಣ್ಣಗ ತಂಬೂರಿ ಕೇಳೋವಾಗ ಆ ಫ್ಯಾನಿನ ದನಿ ಭಾಳ ಕಾಡ್ತೈತಿ. ಗುಡಿ, ಸಾಲಿ ಮೈಕಿನ ಆಂಪ್ ಮಾತ್ರ ಬ್ಯಾಡ್ರಿ, ಅವಕ್ಕ 70 ಇಲ್ಲಾ 100 ವೋಲ್ಟ್ ಲೈನ್ ಅಂತ ಔಟ್‌ಪುಟ್ ಇರ್ತೈತಿ, ಅದು ಟ್ರಾನ್ಸ್‌ಫಾರ್ಮರ್ ಇರೋ ಹಾರ್ನಿಗೆ ಮಾಡಿದ್ದು, ಮನಿ ಸ್ಪೀಕರಿಗೆ ಹಚ್ಚಿದ್ರ ಸುಟ್ಟು ಹೋಗ್ತಾವ.

ಕರೆಂಟ್, ಅರ್ಥಿಂಗ್, ಧೂಳಿ

ಗುಂಯ್ ಅಂತ 50 ಹರ್ಟ್ಜಿನ ಹಮ್ ಬಂದ್ರ ಆಂಪ್ ಕೆಟ್ಟೈತಿ ಅಂತ ಬದಲಿ ಮಾಡಿದೋರನ್ನ ನೋಡೀನಿ, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಎಳದಂಗ. ಬಹಳ ಸಲ ಅದು ಗ್ರೌಂಡ್ ಲೂಪ್ (ಅರ್ಥಿಂಗ್ ಎರಡು ದಾರಿಯಿಂದ ಕೂಡಿ ಸುತ್ತಾಗೋದು), ಟಿವಿ ಕೇಬಲ್ಲಿನಿಂದ ಇಲ್ಲಾ ಬ್ಯಾರೆ ಬ್ಯಾರೆ ಪ್ಲಗ್ಗಿನ ಅರ್ಥಿಂಗಿನಿಂದ ಬಂದಿರ್ತೈತಿ. ಎಲ್ಲಾ ಡಬ್ಬಿ ಒಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಚ್ಚಿ ನೋಡ್ರಿ, ಒಂದೊಂದ ಕೇಬಲ್ ತಗದು ನೋಡ್ರಿ. ಅರ್ಥ್ ಪಿನ್ ಮುರದು ಹಮ್ ನಿಲ್ಸೋ ಕೆಲಸ ಜೀವಕ್ಕ ಅಪಾಯ, ಯಾರ ಹೇಳಿದ್ರೂ ಮಾಡಬ್ಯಾಡ್ರಿ.

ಮನಿ ಇನ್ವರ್ಟರ್ ಸ್ಕ್ವೇರ್ ವೇವ್ ಇದ್ರ ಟ್ರಾನ್ಸ್‌ಫಾರ್ಮರ್ ಆಂಪ್ ಗುರ್ ಅಂತ ನಡಗತೈತಿ, ಸೈನ್ ವೇವ್ ಇನ್ವರ್ಟರ್ ಇದ್ರ ಮಾತ್ರ ಹಚ್ರಿ. ಮೇ ತಿಂಗಳಾಗ ಅಡ್ಡಮಳಿ ಸಿಡ್ಲು ಚಾಲೂ ಆತು ಅಂದ್ರ ಸ್ವಿಚ್ ಆಫ್ ಮಾಡಿದ್ರ ಸಾಲಂಗಿಲ್ಲ, ಪ್ಲಗ್ ಕಿತ್ತು ಇಡ್ರಿ. ಕರಿ ಮಣ್ಣಿನ ಧೂಳಿ ಹೀಟ್ ಸಿಂಕ್ ಮ್ಯಾಲ ಕುಂತ್ರ ಬಿಸಿ ಹೊರಗ ಹೋಗಂಗಿಲ್ಲ, ಆರು ತಿಂಗಳಿಗೊಮ್ಮೆ ಬ್ರಶ್ಶಿನಿಂದ ಝಾಡಸ್ರಿ. ಹಲ್ಲಿ ಬೆಚ್ಚಗಿನ ಜಾಗ ಹುಡಿಕ್ಕೊಂಡು ಆಂಪಿನೊಳಗ ಹೊಕ್ಕು ಬೋರ್ಡ್ ಶಾರ್ಟ್ ಮಾಡಿದ್ದು ನನ್ನ ಮನ್ಯಾಗೇ ಆಗೇತಿ, ಅದಕ್ಕ ಮ್ಯಾಲಿನ ಕಿಂಡಿಗೆ ಸಣ್ಣ ಜಾಳಗಿ ಹಚ್ಚೀನಿ, ಗಾಳಿ ಆಡೋವಂಗ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

ಸೋನೋಡೈನ್, ನಾರ್ಜ್, ಹಳೇ ಯಮಾಹಾ, ಮರಾಂಟ್ಜ್ ಇವೆಲ್ಲಾ ಇನ್ನೂ ಸಿಗ್ತಾವ, ಗಟ್ಟಿ ಮಾಲು. ಹೋಗೋವಾಗ ಒಂದು ಮಲ್ಟಿಮೀಟರ್ ಮತ್ತ ಸೀರೀಸ್ ಬಲ್ಬಿನ ಬೋರ್ಡ್ (ಕರೆಂಟ್ ಬಲ್ಬ್ ದಾಟಿ ಆಂಪಿಗೆ ಹೋಗೋವಂಗ ಮಾಡಿದ್ದು) ಒಯ್ರಿ. ಮೊದ್ಲು 100 ವಾಟಿನ ಹಳೇ ಗುಂಡು ಬಲ್ಬ್ ಸೀರೀಸಿಗೆ ಹಾಕಿ ಆನ್ ಮಾಡ್ರಿ, ಬಲ್ಬ್ ಒಮ್ಮೆ ಮಿಂಚಿ ಮಂದ ಆದ್ರ ಸರಿ, ಫುಲ್ ಉರೀತಾನ ಇದ್ರ ಒಳಗ ಶಾರ್ಟ್. ಆಮ್ಯಾಲ ಸ್ಪೀಕರ್ ಹಚ್ಚದ, ಬಲ್ಬಿನ ಬೋರ್ಡ್ ತಗದು ನೇರ ಗ್ವಾಡಿ ಪ್ಲಗ್ಗಿಗೆ ಹಚ್ಚಿ, ಐದು ನಿಮಿಷ ಬಿಟ್ಟು ಸ್ಪೀಕರ್ ಟರ್ಮಿನಲ್ ಮ್ಯಾಲ ಡಿಸಿ ವೋಲ್ಟೇಜ್ ಅಳೀರಿ. 50 ಮಿಲಿವೋಲ್ಟಿನ ಒಳಗ ಇದ್ರ ತಗೋರಿ, 100 ದಾಟಿದ್ರ ರಿಪೇರಿ ಖರ್ಚು ಹಿಡದು ಮಾತಾಡ್ರಿ, ವೋಲ್ಟಿನ ಲೆಕ್ಕದಾಗ ಬಂದ್ರ ವಾಪಸ್ ಬರ್ರಿ, ಆ ಡಿಸಿ ನಿಮ್ಮ ವೂಫರ್ (ಬಾಸ್ ನುಡಿಸೋ ದೊಡ್ಡ ಕೋನ್) ಸುಡ್ತೈತಿ. ವಾಲ್ಯೂಮ್ ತಿರುವಿದಾಗ ಕರ್ ಕರ್ ಅನ್ನೋದು ಸಣ್ಣ ವಿಷಯ, ಕ್ಲೀನರ್ ಹೊಡದ್ರ ಹೋಗ್ತೈತಿ. ಇಪ್ಪತ್ತು ಮೂವತ್ತು ವರ್ಷದ್ದು ಆದ್ರ ಕೆಪ್ಯಾಸಿಟರ್ ಬದಲಿ ಖರ್ಚು ಇದ್ದೇ ಇರ್ತೈತಿ.

ಕೇಳಿ ನೋಡ್ರಿ, ಹಚ್ಚೋವಾಗ ಹುಷಾರ್

ಅಂಗಡ್ಯಾಗ ಅವರ ಸ್ಪೀಕರ್ ಮ್ಯಾಲ ಕೇಳಿ ನಿರ್ಧಾರ ಮಾಡಬ್ಯಾಡ್ರಿ, ಆಗೋದಿದ್ರ ನಿಮ್ಮ ಸ್ಪೀಕರ್ ಒಯ್ರಿ, ಇಲ್ಲಾ ಆಂಪ್ ಎರಡು ದಿನ ಮನಿಗೆ ಕೊಡ್ತಾರೇನು ಕೇಳ್ರಿ. ಎರಡು ಆಂಪ್ ಹೋಲಿಸೋವಾಗ ಸೌಂಡ್ ಒಂದ ಮಟ್ಟಕ್ಕ ಇರಬೇಕು, ಒಂದು ಡೆಸಿಬಲ್ ಜೋರಿದ್ದದ್ದೂ ಕಿವಿಗೆ "ಛಲೋ" ಅಂತಾನ ಕೇಳಸ್ತೈತಿ, ಅಂಗಡ್ಯಾಂವ ಜೋರಾಗಿ ಇಟ್ಟಿದ್ದನ್ನ ನೀವು ತಗೊಂಡು ಬರ್ತೀರಿ.

ನಾನು ಹಚ್ಚೋದು ಮೂರು. ಗಂಗೂಬಾಯಿ ಹಾನಗಲ್ ಅವರ ದನಿ, ಆ ಗಟ್ಟಿ ಎದಿ ದನಿಯ ತೂಕ ಸರಿಯಾಗಿ ಬಂದ್ರ ಮಿಡ್ (ನಡುವಿನ ಫ್ರೀಕ್ವೆನ್ಸಿ) ಛಲೋ ಐತಿ ಅಂತ ಲೆಕ್ಕ. ಮಲ್ಲಿಕಾರ್ಜುನ ಮನ್ಸೂರ ಅವರ ಗಾಯನ, ಅಲ್ಲಿ ತಾನಗಳು ಉಸಿರು ಬಿಡದ ಓಡ್ತಾವ, ದನಿ ಮ್ಯಾಲ ಏರಿದಾಗ ಆಂಪ್ ಕೀರಲು ಆಗ್ತೈತೇನು ನೋಡ್ರಿ. ಮತ್ತ ಯಾವದರ ಹೊಸಾ ರೆಕಾರ್ಡಿಂಗಿನ ತಬಲಾ ಸೋಲೋ, ಡಗ್ಗಾದ ಪೆಟ್ಟು ಬಿದ್ದು ತಟ್ಟನೆ ನಿಲ್ಲಬೇಕು. ಹಳೇ 78 ಆರ್‌ಪಿಎಂ ತಟ್ಟಿಯಿಂದ ಮಾಡಿದ ರೆಕಾರ್ಡಿಂಗ್ ಮ್ಯಾಲ ಆಂಪ್ ಅಳೀಬ್ಯಾಡ್ರಿ, ಅದರ ಸರಸರ ಸದ್ದು ತಟ್ಟಿದು. ಕಡೀಕ ಹಾಡು ನಿಲ್ಸಿ, ದಿನಾ ಕೇಳೋ ವಾಲ್ಯೂಮಿನಾಗ ಸುಮ್ನ ಕುಂಡ್ರಿ, ಕುರ್ಚಿ ತನಕ ಏನೂ ಕೇಳಸಬಾರ್ದು.

ವೈರಿಗೆ ಭಾಳ ರೊಕ್ಕ ಹಾಕಬ್ಯಾಡ್ರಿ, ಐದು ಮೀಟರ್ ಒಳಗ ಇದ್ರ 1.5 ಸ್ಕ್ವೇರ್ ಎಂಎಂ, ಅದಕ್ಕಿಂತ ದೂರ ಇದ್ರ ಇಲ್ಲಾ 4 ಓಮ್ ಸ್ಪೀಕರ್ ಇದ್ರ 2.5, ಎಲೆಕ್ಟ್ರಿಕಲ್ ಅಂಗಡ್ಯಾಗ ಸಿಗೋ ತಾಮ್ರದ ವೈರೇ ಸಾಕು. ಕೆಂಪು ಕೆಂಪಿಗೆ, ಕರಿದು ಕರಿದಕ್ಕ, ಒಂದು ಕಡೆ ಉಲ್ಟಾ ಆದ್ರ ಬಾಸ್ ಮಾಯ ಆಗ್ತೈತಿ. ಬ್ರಿಜ್ ಮಾಡಿರೋ ಕ್ಲಾಸ್ ಡಿ ಆಂಪಿನಾಗ ಎಡ ಬಲ ಎರಡರ ಕರಿ ಟರ್ಮಿನಲ್ ಒಂದಕ್ಕೊಂದು ಕೂಡಸಬ್ಯಾಡ್ರಿ, ಅದು ಗ್ರೌಂಡ್ ಅಲ್ಲ. ವೈರಿನ ಒಂದು ಎಳಿ ಸೈತ ಪಕ್ಕದ ಟರ್ಮಿನಲ್ಲಿಗೆ ತಾಗಿರಬಾರ್ದು.

ಎಲ್ಲಾ ಹಚ್ಚಿದ ಮ್ಯಾಲ ವಾಲ್ಯೂಮ್ ಪೂರ್ತಿ ಇಳಸಿ ಮೊದ್ಲು ಡ್ಯಾಕ್ ಆನ್ ಮಾಡ್ರಿ, ಹತ್ತು ಸೆಕೆಂಡ್ ಬಿಟ್ಟು ಪವರ್ ಆಂಪ್. ಆಫ್ ಮಾಡೋವಾಗ ಉಲ್ಟಾ, ಪವರ್ ಆಂಪ್ ಮೊದ್ಲು. ತಮ್ಮಗ ಇದನ್ನ ಒಂದು ಚೀಟಿ ಮ್ಯಾಲ ಬರ್ದು ಶೋಕೇಸಿಗೆ ಅಂಟಸು ಅಂತ ಹೇಳೀನಿ, ಯಾಕಂದ್ರ ಅಲ್ಲಿ ದಿನಾ ಮುಂಜಾನೆ ಸ್ವಿಚ್ ಹಾಕಾಂವ ಅಂವ ಅಲ್ಲ, ನಮ್ಮ ಕಾಕಾ.